ಕಾಲು ಎಟುಕಬೇಕು: ಬೈಕ್ ಇಳಿಸೋದಾ, ಸೀಟು ಕೆತ್ತಿಸೋದಾ?

ನನ್ನ ಎತ್ತರ 5 ಅಡಿ 2 ಇಂಚು. ಓಡಿಸೋದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. ಇಷ್ಟು ಹೇಳಿದ ತಕ್ಷಣ ಎಲ್ಲರೂ ಕೇಳುವುದು ಒಂದೇ, "ಕಾಲು ಎಟುಕುತ್ತಾ?"

ಎಟುಕುತ್ತಿರಲಿಲ್ಲ. ಬೈಕ್ ತಂದ ಎರಡನೇ ವಾರ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಎಡಗಾಲು ಊರಲು ಹೋದೆ. ಅಲ್ಲಿ ನೆಲ ಒಂದಿಂಚು ತಗ್ಗಾಗಿತ್ತು, ನಾನು ನೋಡಿರಲಿಲ್ಲ. ತುದಿಗಾಲು ಗಾಳಿಯಲ್ಲೇ ಉಳಿಯಿತು. 196 ಕೆಜಿ ಬೈಕು ಮಲಗಲು ಹೊರಟ ಎಮ್ಮೆಯ ಹಾಗೆ ನಿಧಾನಕ್ಕೆ ಎಡಕ್ಕೆ ವಾಲಿತು. ಒಂದು ಹಂತ ದಾಟಿದ ಮೇಲೆ ತಡೆಯೋಕೆ ಆಗಲ್ಲ. ಬಂಕಿನ ಹುಡುಗ ಕೈಯಲ್ಲಿದ್ದ ಪೈಪು ಬಿಡದೆ ನೋಡುತ್ತಾ ನಿಂತ. ಕ್ಲಚ್ ಲಿವರ್ ತುದಿ ಮುರಿಯಿತು, ಅಷ್ಟೇ.

ಆಮೇಲೆ ಸಲಹೆಗಳ ಮಳೆ. ಹಿಂಬದಿ ಇಳಿಸುವ ಲಿಂಕ್ ಹಾಕಿಸು, ಸೀಟಿನ ಫೋಮ್ ಕೆತ್ತಿಸು, ದಪ್ಪ ಬೂಟು ತಗೋ, ಮಾರಿಬಿಟ್ಟು ಅದೇ ಕಂಪನಿಯ ತಗ್ಗು ಬೈಕು ಹಂಟರ್ ತಗೋ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ: ನಿನಗೆ ಎಷ್ಟು ಕಮ್ಮಿ ಬೀಳ್ತಿದೆ? 10 ಮಿಲಿಮೀಟರಾ, 60 ಮಿಲಿಮೀಟರಾ? ಅದು ಗೊತ್ತಾಗದೆ ಯಾವ ದಾರಿಯನ್ನೂ ಇನ್ನೊಂದರ ಜೊತೆ ಹೋಲಿಸೋಕೆ ಆಗಲ್ಲ.

ಮೊದಲು ಪ್ಲೈವುಡ್ ತುಂಡು

ಕಂಪನಿಯವರು ಕೊಡುವ ಸೀಟ್ ಎತ್ತರದ ಅಂಕಿ ಅರ್ಧ ಕಥೆ ಮಾತ್ರ. ಹಿಮಾಲಯನ್ 450ದು 825 ಮಿಮೀ, ಕ್ಲಾಸಿಕ್ 350ದು 805, ಹಂಟರ್‌ದು 790, ಮೀಟಿಯರ್‌ದು 765. ನನ್ನ ಕಾಲಿನ ಒಳ ಅಳತೆ 71 ಸೆಂಟಿಮೀಟರ್. (ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಗಳ ಸಂದಿಗೆ ಒಂದು ದಪ್ಪ ಪುಸ್ತಕವನ್ನು ಬಿಗಿಯಾಗಿ ಮೇಲಕ್ಕೆ ಒತ್ತಿ, ಅದರ ಮೇಲಿನ ಅಂಚಿಗೆ ಗೋಡೆಯಲ್ಲಿ ಗೆರೆ ಹಾಕಿದರೆ ಈ ಅಳತೆ ಸಿಗುತ್ತದೆ.) 825ರಲ್ಲಿ 710 ಕಳೆದರೆ 115 ಮಿಮೀ ಕಮ್ಮಿ, ಅಂದರೆ ನಾಲ್ಕೂವರೆ ಇಂಚು. ಹಾಗಿದ್ದರೆ ನಾನು ಬೈಕ್ ಹತ್ತಲೇಬಾರದಿತ್ತು, ಅಲ್ವಾ?

ಆದರೆ ಆ 825 ಖಾಲಿ ಬೈಕಿನ ಲೆಕ್ಕ. ನಾವು ಕೂತಾಗ ಶಾಕ್ (ಶಾಕ್ ಅಬ್ಸಾರ್ಬರ್) ತಗ್ಗುತ್ತದೆ, ಫೋಮ್ ಒತ್ತುತ್ತದೆ, ಕಾಲಲ್ಲಿ ಬೂಟು ಇರುತ್ತದೆ. ಇವೆಲ್ಲ ನಮ್ಮ ಪರ. ಸೀಟಿನ ಅಗಲ ಮಾತ್ರ ವಿರುದ್ಧ. ಕಾಲು ನೇರ ಕೆಳಗಿಳಿಯದೆ ಹೊರಗೆ ಅಗಲಿಸಿ ಇಳಿಯುವುದರಿಂದ ಉದ್ದ ಅಲ್ಲೇ ಖರ್ಚಾಗಿಬಿಡುತ್ತದೆ.

ಹಾಗಾಗಿ ಕಾಗದದ ಲೆಕ್ಕ ಬಿಡಿ. ಬಡಗಿ ಅಂಗಡಿಯಲ್ಲಿ ಬಿಸಾಕುವ 12 ಮಿಮೀ ಪ್ಲೈವುಡ್ ತುಂಡು ನಾಲ್ಕೈದು ತನ್ನಿ. ಸಮತಟ್ಟಾದ ಜಾಗದಲ್ಲಿ ಬೈಕ್ ನೇರ ನಿಲ್ಲಿಸಿ, ಮುಂದೆ ಒಬ್ಬರು ಹ್ಯಾಂಡಲ್ ಹಿಡಿಯಲಿ. ದಿನಾ ಹಾಕುವ ಬೂಟು ಹಾಕಿ ಕೂತು ಕಾಲು ಇಳಿಬಿಡಿ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರುವವರೆಗೆ ಪಾದದಡಿ ತುಂಡು ಪೇರಿಸುತ್ತಾ ಹೋಗಿ. ಎಷ್ಟು ದಪ್ಪ ಆಯಿತೋ ಅಷ್ಟೇ ನಿಮ್ಮ ಕೊರತೆ. ನನಗೆ ಎರಡು ತುಂಡು, 24 ಮಿಮೀ. ನಾಲ್ಕೂವರೆ ಇಂಚಲ್ಲ, ಒಂದೇ ಇಂಚು!

ಪಾದದ ಮುಂಭಾಗ ಅಂದೆ, ಹಿಮ್ಮಡಿ ಅಲ್ಲ. ಎರಡೂ ಹಿಮ್ಮಡಿ ನೆಲಕ್ಕೆ ತಾಗಲೇಬೇಕು ಅಂತ ಹಟ ಹಿಡಿದರೆ ಬೈಕನ್ನು ಬೇಕಾದ್ದಕ್ಕಿಂತ ಜಾಸ್ತಿ ಹಾಳು ಮಾಡುತ್ತೀರಿ. ಎತ್ತರದ ಬೈಕ್ ಓಡಿಸುವ ಬಹಳ ಜನ ನಿಲ್ಲುವಾಗ ಒಂದೇ ಕಾಲು ಊರುತ್ತಾರೆ.

ಪುಕ್ಕಟೆ ಸಿಗುವ ಇಳಿಕೆ

ಮೊದಲು ಸೀಟು ಯಾವ ಹಂತದಲ್ಲಿ ಕೂತಿದೆ ನೋಡಿ. ಹಿಮಾಲಯನ್ 450ರ ಸೀಟನ್ನು 825ಕ್ಕೂ ಇಡಬಹುದು, 845ಕ್ಕೂ ಇಡಬಹುದು. ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡವರು ಇದನ್ನು ಗಮನಿಸದೆ ನೇರ ಫೋಮ್ ಕೆತ್ತಿಸೋಕೆ ಹೊರಡುತ್ತಾರೆ.

ಎರಡನೆಯದು ಪ್ರಿಲೋಡ್, ಅಂದರೆ ಶಾಕಿನ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನೋದು. ನನ್ನ ಹಾಗೆ ಹಗುರ ಇರುವವರಿಗೆ ಇದು ತುಂಬಾ ಮುಖ್ಯ. ಕುಳ್ಳಗಿರುವವರು ಸಾಮಾನ್ಯವಾಗಿ ತೂಕದಲ್ಲೂ ಕಮ್ಮಿ. ನಾನು 54 ಕೆಜಿ. 80 ಕೆಜಿ ಗೆಳೆಯ ಕೂತಾಗ ಶಾಕ್ ತಗ್ಗುವಷ್ಟು ನಾನು ಕೂತಾಗ ತಗ್ಗಲ್ಲ. ಅಂದರೆ ಅದೇ ಬೈಕು ಅವನಿಗಿಂತ ನನಗೆ ಎತ್ತರ! ಕಾಲೂ ಗಿಡ್ಡ, ಬೈಕೂ ಮೇಲೆ. ಎರಡು ಕಡೆಯಿಂದಲೂ ಹೊಡೆತ.

ನೋಡುವ ರೀತಿ ಸುಲಭ. ಹಿಂದಿನ ಚಕ್ರ ನೆಲ ಬಿಟ್ಟು ನೇತಾಡುವ ಹಾಗೆ ಬೈಕ್ ಎತ್ತಿ, ಆಕ್ಸಲ್‌ನಿಂದ ನೇರ ಮೇಲೆ ಹಿಂಭಾಗದ ಒಂದು ಗುರುತಿನವರೆಗೆ ಟೇಪ್ ಹಿಡಿಯಿರಿ. ಆಮೇಲೆ ನೆಲಕ್ಕಿಳಿಸಿ, ಹೆಲ್ಮೆಟ್ ಜಾಕೆಟ್ ಸಮೇತ ಹತ್ತಿ ಕೂತು, ಇನ್ನೊಬ್ಬರ ಕೈಲಿ ಅದೇ ಅಳತೆ ಮತ್ತೆ ತೆಗೆಸಿ. ವ್ಯತ್ಯಾಸ ಚಕ್ರದ ಒಟ್ಟು ಓಟದ (ಚಕ್ರ ಮೇಲೆ ಕೆಳಗೆ ಆಡುವ ದೂರದ) ಸುಮಾರು ಮೂರನೇ ಒಂದು ಭಾಗ ಇರಬೇಕು. 450ಕ್ಕೆ ಹಿಂದೆ 200 ಮಿಮೀ ಓಟ, ಹಾಗಾಗಿ 60 ಮಿಮೀ ಆಸುಪಾಸು. ನನಗೆ 45 ಬಂತು. ಸಿ-ಸ್ಪ್ಯಾನರ್ ಹಾಕಿ ಸ್ಪ್ರಿಂಗ್ ಒತ್ತಿ ಹಿಡಿಯುವ ಕಾಲರ್ ತಿರುಗಿಸಿ ಪ್ರಿಲೋಡ್ ಕಮ್ಮಿ ಮಾಡಿದೆ, 57ಕ್ಕೆ ಬಂತು. ಒಂದು ಪ್ಲೈವುಡ್ ತುಂಡಿನಷ್ಟು ಹಿಂಬದಿ ಇಳಿಯಿತು. ಸೀಟಿನಲ್ಲಿ ಅಷ್ಟೂ ಸಿಗಲ್ಲ. ಯಾಕೆ ಅಂತ ಲಿಂಕ್ ವಿಷಯ ಬಂದಾಗ ಹೇಳುತ್ತೇನೆ. ನನಗೆ 8 ಮಿಮೀ ಸಿಕ್ಕಿತು. ಖರ್ಚು ಸೊನ್ನೆ, ಬೈಕ್ ಗುಂಡಿ ನುಂಗುವುದೂ ಮೊದಲಿಗಿಂತ ಚೆನ್ನಾಯಿತು.

ಇದೇ ಕೆಲಸವನ್ನು 85 ಕೆಜಿಯವರು ಮಾಡಿದರೆ ಕಥೆ ಬೇರೆ. ಅವರಿಗೆ ಆಗಲೇ 60 ದಾಟಿರುತ್ತದೆ. ಇನ್ನೂ ಸಡಿಲ ಬಿಟ್ಟರೆ ಹಂಪ್ ಹಾರಿದಾಗೆಲ್ಲ ಶಾಕ್ ತಳ ಬಡಿಯುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ: ಪ್ರಿಲೋಡ್ ಬಿಟ್ಟರೆ ಸ್ಪ್ರಿಂಗ್ ಮೆತ್ತಗಾಗುತ್ತೆ ಅನ್ನೋದು. ಆಗಲ್ಲ. ಸ್ಪ್ರಿಂಗಿನ ಬಿಗಿ ಹಾಗೇ ಇರುತ್ತದೆ, ಬೈಕ್ ಕೂರುವ ಮಟ್ಟ ಮಾತ್ರ ಬದಲಾಗುತ್ತದೆ. ಹಿಂದೆ ಯಾರಾದರೂ ಕೂರುವ ದಿನ ವಾಪಸ್ ಏರಿಸೋದು ಮರೀಬೇಡಿ.

ಬೂಟಿನ ಬಗ್ಗೆ ಜಾಸ್ತಿ ಹೇಳೋಕಿಲ್ಲ. ದಪ್ಪ ಅಟ್ಟೆಯ ರೈಡಿಂಗ್ ಬೂಟು ಮಾಮೂಲಿ ಶೂಗಿಂತ 10 ಮಿಮೀ ಜಾಸ್ತಿ ಕೊಟ್ಟರೆ ದೊಡ್ಡದು. ಚಪ್ಪಲಿ ರಿಪೇರಿಯವರ ಹತ್ತಿರ ಅಟ್ಟೆಯ ಮೇಲೆ ಇನ್ನೊಂದು ಅಟ್ಟೆ ಅಂಟಿಸಿಕೊಂಡವರನ್ನು ನೋಡಿದ್ದೇನೆ. ಗೇರ್ ಲಿವರಿನ ಕೆಳಗೆ ಕಾಲು ತೂರದೆ ಒದ್ದಾಡುತ್ತಿದ್ದರು.

ಸೀಟು: ಎತ್ತರಕ್ಕಿಂತ ಅಗಲ

ಇಲ್ಲೇ ನಾನು ಒಂದು ಸಲ ದುಡ್ಡು ಕಳಕೊಂಡೆ. ಹತ್ತಿರದ ಒಂದು ಅಂಗಡಿಗೆ ಹೋಗಿ "ಒಂದಿಂಚು ಕಮ್ಮಿ ಮಾಡಿ" ಅಂದೆ. ಅವರು ಹೇಳಿದ್ದನ್ನೇ ಮಾಡಿದರು. ರೆಕ್ಸಿನ್ ಬಿಚ್ಚಿ, ಕೂರುವ ಜಾಗದಲ್ಲಿ ಫೋಮಿನ ಮೇಲ್ಭಾಗವನ್ನು ಸಪಾಟಾಗಿ 25 ಮಿಮೀ ಕೊಯ್ದು ಮುಚ್ಚಿ ಕೊಟ್ಟರು. ಕಾಲು ಚೆನ್ನಾಗಿ ಎಟುಕಿತು. ಖುಷಿಯಲ್ಲಿ ಆ ಭಾನುವಾರವೇ ಹಾಸನಕ್ಕೆ ಹೊರಟೆ. ಕುಣಿಗಲ್ ದಾಟುವಷ್ಟರಲ್ಲಿ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಅಂಚು ತೊಡೆಗೆ ಒತ್ತತೊಡಗಿತು. ಬೆಳ್ಳೂರು ಕ್ರಾಸಿನಲ್ಲಿ ಇಳಿದವಳಿಗೆ ಕಾಫಿ ಕುಡಿಯಲು ಕೂರುವುದೂ ಬೇಡವಾಗಿತ್ತು. ಕೊಯ್ದ ಜಾಗ ಗುಳಿಯಾದ್ದರಿಂದ ಬ್ರೇಕ್ ಹಿಡಿದಾಗೆಲ್ಲ ಜಾರಿ ಟ್ಯಾಂಕಿಗೆ ಗುದ್ದುತ್ತಿದ್ದೆ.

ಎರಡನೇ ಸಲ ಸರಿಯಾದ ಕೈ ಸಿಕ್ಕಿತು. ಬೆಂಗಳೂರಿನ ಜೆ.ಸಿ. ರಸ್ತೆ ಪಕ್ಕದ ಓಣಿಯಲ್ಲಿ ಒಬ್ಬರು ಹಿರಿಯ ಕೆಲಸಗಾರರು. ಸೀಟು ಬಿಚ್ಚುವ ಮೊದಲೇ "ಅಕ್ಕಾ, ಹತ್ತಿ ಕೂತ್ಕೊಳಿ" ಅಂದರು. ಕೂತೆ. ತೊಡೆಯ ಒಳಭಾಗ ಸೀಟಿನ ಅಂಚಿಗೆ ಎಲ್ಲಿ ತಾಗುತ್ತದೋ ಅಲ್ಲಿ ಎರಡೂ ಕಡೆ ಸೀಮೆಸುಣ್ಣದಲ್ಲಿ ಗೀಟು ಎಳೆದರು.

"ಮೇಲೆ ಕೊಯ್ದ್ರೆ ಮೆತ್ತೆ ಹೋಗುತ್ತೆ. ಪಕ್ಕ ಕೊಯ್ದ್ರೆ ಕಾಲು ಇಳಿಯುತ್ತೆ."

"ಪಕ್ಕ ಕೊಯ್ದ್ರೆ ಎತ್ತರ ಹೆಂಗಣ್ಣ ಕಮ್ಮಿಯಾಗುತ್ತೆ?"

"ಎತ್ತರ ಕಮ್ಮಿಯಾಗಲ್ಲ. ನಿಮ್ ಕಾಲು ಉದ್ದ ಆಗುತ್ತೆ."

ಉದ್ದನೆಯ ಬ್ಲೇಡಿನಲ್ಲಿ ಮುಂಭಾಗದ ಎರಡು ಅಂಚನ್ನು ಓರೆಯಾಗಿ ಕೊಯ್ದರು. ಆಮೇಲೆ ಗ್ರೈಂಡರಿಗೆ ಉಪ್ಪುಕಾಗದದ ಚಕ್ರ ಹಾಕಿ ನಯ ಮಾಡಿದರು. ಅಂಗಡಿ ತುಂಬ ಫೋಮಿನ ಪುಡಿ ಹಿಟ್ಟಿನ ಗಿರಣಿಯ ಹಾಗೆ ಹಾರಿತು. ಹಳೆಯ ಗುಳಿಗೆ ಗಟ್ಟಿ ಫೋಮಿನ ತುಂಡು ಅಂಟಿಸಿ, ಮೇಲಿನಿಂದ 10 ಮಿಮೀ ಮಾತ್ರ ತಗ್ಗಿಸಿ, ಇಳಿಜಾರು ಟ್ಯಾಂಕಿನ ಕಡೆಗೆ ಬಾರದ ಹಾಗೆ ಸಮ ಮಾಡಿದರು. ರೆಕ್ಸಿನ್ ಹೊದಿಸುವ ಮೊದಲು ಮತ್ತೆ ಎರಡು ಸಲ ಕೂರಿಸಿ ನೋಡಿದರು. ಈ ಕೂರಿಸಿ ನೋಡುವುದೇ ಮುಖ್ಯ. ಸೀಟು ಬಿಟ್ಟು ಹೋಗಿ ಸಂಜೆ ಬನ್ನಿ ಅನ್ನುವ ಕಡೆ ಮಾಡಿಸಬೇಡಿ.

10 ಮಿಮೀ ಮೇಲಿಂದ, ಹೆಚ್ಚುಕಮ್ಮಿ ಅಷ್ಟೇ ಲಾಭ ಅಗಲ ಕಮ್ಮಿಯಾದ್ದರಿಂದ. ನನ್ನ 24ರಲ್ಲಿ 8 ಆಗಲೇ ಮುಗಿದಿತ್ತು, ಉಳಿದದ್ದು ಇಲ್ಲಿ ಮುಗಿಯಿತು.

ಕಂಪನಿಯದೇ ತಗ್ಗು ಸೀಟು ಸಿಗುವ ಬೈಕುಗಳಿಗೆ ಅದೂ ಒಳ್ಳೆಯ ದಾರಿ. 450ಕ್ಕೆ ಸಿಗುವ ತಗ್ಗು ಸೀಟು 805ಕ್ಕೆ ಇಳಿಸುತ್ತದೆ, ಅಂದರೆ 20 ಮಿಮೀ. ಕೆತ್ತಿಸುವುದಕ್ಕಿಂತ ದುಬಾರಿ, ಆದರೆ ಮೂಲ ಸೀಟು ಮನೆಯ ಅಟ್ಟದ ಮೇಲೆ ಹಾಗೇ ಇರುತ್ತದೆ. ಬೈಕ್ ಮಾರುವ ದಿನ ಅದರ ಬೆಲೆ ಗೊತ್ತಾಗುತ್ತದೆ. ಕೆತ್ತಿಸುವುದೇ ಆದರೆ ಒಂದು ಹಳೆ ಸೀಟು ಹುಡುಕಿ ಅದನ್ನು ಕೆತ್ತಿಸಿ. ನಾನು ಮಾಡಲಿಲ್ಲ, ಮಾಡಬೇಕಿತ್ತು.

ಲಿಂಕ್ ಹಾಕಿಸು ಅನ್ನುವವರಿಗೆ

ಲಿಂಕ್ ಅಂದರೆ ಹಿಂದಿನ ಶಾಕಿಗೂ ಸ್ವಿಂಗ್ ಆರ್ಮಿಗೂ (ಹಿಂದಿನ ಚಕ್ರ ಹಿಡಿದಿರುವ ತೋಳು) ನಡುವೆ ಇರುವ ಎರಡು ಲೋಹದ ಪಟ್ಟಿ. ಮೂಳೆಯ ಆಕಾರ ಇರುವುದರಿಂದ ಡಾಗ್ ಬೋನ್ ಅಂತಲೂ ಕರೆಯುತ್ತಾರೆ. ಹೆಚ್ಚಿನ ಬೈಕುಗಳಲ್ಲಿ ಇದರ ಬದಲು ಸ್ವಲ್ಪ ಉದ್ದದ ಪಟ್ಟಿ ಹಾಕಿದರೆ ಹಿಂಬದಿ ಇಳಿಯುತ್ತದೆ. ಪಟ್ಟಿ ಕೆಲವೇ ಮಿಲಿಮೀಟರ್ ಉದ್ದವಾದರೂ ಚಕ್ರದ ಹತ್ತಿರ ಅದು ದೊಡ್ಡದಾಗಿ ಕಾಣುತ್ತದೆ. ಹಿಮಾಲಯನ್‌ಗೆ ಲಿಂಕ್ ಇದೆ. ಹಳೆಯ ಕೆಟಿಎಂ 390 ಅಡ್ವೆಂಚರ್‌ನಲ್ಲಿ (855 ಮಿಮೀ ಸೀಟು, ನಮ್ಮಂಥವರಿಗೆ ಗೋಡೆ ಹತ್ತಿದ ಹಾಗೆ) ಶಾಕ್ ನೇರ ಸ್ವಿಂಗ್ ಆರ್ಮಿಗೇ ಕೂತಿದೆ. ಅಲ್ಲಿ ಬದಲಿಸೋಕೆ ಲಿಂಕೇ ಇಲ್ಲ.

ಅರ್ಧ ದಿನದ ಕೆಲಸ, ಫೋಮಿಗೆ ಕೈ ಹಚ್ಚಬೇಕಿಲ್ಲ. ಕೇಳೋಕೆ ಚೆಂದ. ಆದರೆ ಲೆಕ್ಕ ಹಾಕಿ. ಸೀಟು ಇರುವುದು ಎರಡು ಚಕ್ರಗಳ ನಡುವೆ, ಹಿಂದಿನ ಚಕ್ರದ ಮೇಲಲ್ಲ. ಮುಂದಿನ ಚಕ್ರದಿಂದ ಮೂರರಲ್ಲಿ ಎರಡು ಪಾಲು ದೂರದಲ್ಲಿ ನೀವು ಕೂತಿದ್ದೀರಿ ಅಂದುಕೊಳ್ಳಿ. ಹಿಂದೆ 25 ಮಿಮೀ ಇಳಿಸಿದರೆ ನಿಮಗೆ ಸಿಗುವುದು 17. ಬಾಕಿ 8 ಎಲ್ಲಿ ಹೋಯಿತು? ಬೈಕು ಹಿಂದಕ್ಕೆ ವಾಲಿತು, ಅಲ್ಲಿ ಹೋಯಿತು. ಪ್ರಿಲೋಡಿನಲ್ಲಿ 12 ಇಳಿಸಿ 8 ಪಡೆದದ್ದೂ ಇದೇ ಲೆಕ್ಕ.

ವಾಲಿದ ಬೈಕಿಗೆ ಮುಂಭಾಗ ಹಗುರವಾಗುತ್ತದೆ, ಹ್ಯಾಂಡಲ್ ತಿರುಗುವುದು ಸೋಮಾರಿಯಾಗುತ್ತದೆ. ಹೆಡ್‌ಲೈಟ್ ಮೇಲಕ್ಕೆ ಎದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇದನ್ನು ಸರಿ ಮಾಡಲು ಮುಂದೆಯೂ ಇಳಿಸಬೇಕು. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಪೈಪುಗಳ ಕ್ಲಾಂಪ್ ಸಡಿಲಿಸಿ ಪೈಪನ್ನು 10 ಮಿಮೀಯಷ್ಟು ಮೇಲಕ್ಕೆ ಸರಿಸುತ್ತಾರೆ. ಸರಿಸಿದ ಮೇಲೆ ಫೋರ್ಕ್ ಪೂರ್ತಿ ಒತ್ತಿದಾಗ ಮಡ್‌ಗಾರ್ಡ್ ಎಲ್ಲೂ ತಾಗುವುದಿಲ್ಲ ಅಂತ ನೋಡಿಕೊಳ್ಳಬೇಕು. ಬೋಲ್ಟುಗಳನ್ನು ಬಿಗಿ ಅಳೆಯುವ ಟಾರ್ಕ್ ವ್ರೆಂಚಿನಲ್ಲೇ ಬಿಗಿಸಬೇಕು, ಅಂದಾಜಿನಲ್ಲಿ ಅಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು. ಉದ್ದ ಪಟ್ಟಿ ಹಾಕಿದಾಗ ಶಾಕಿನ ಓಟ ಕಮ್ಮಿಯಾಗುವುದಿಲ್ಲ. ಚಕ್ರ ಮೊದಲೇ 25 ಮಿಮೀ ಮೇಲಿದೆ, ಅಲ್ಲಿಂದ ಮತ್ತೆ ಪೂರ್ತಿ ಮೇಲೆ ಬರುತ್ತದೆ. ದೊಡ್ಡ ಗುಂಡಿಗೆ ಬಿದ್ದಾಗ ಟೈರು ಒಳ ಮಡ್‌ಗಾರ್ಡಿಗೆ ತಾಗಬಹುದು. ಸಾಮಾನು ಕಟ್ಟಿಕೊಂಡು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವಾಗ ಇದು ಆಟವಲ್ಲ. ನೆಲದಿಂದ ಇರುವ ಅಂತರವೂ ಹೋಯಿತು. 450ಕ್ಕೆ 230 ಮಿಮೀ ಇರುವುದು ಸುಮ್ನೆ ಅಲ್ಲ. ನಮ್ಮೂರ ರಸ್ತೆಗಳಲ್ಲಿ ಊರವರೇ ರಾತ್ರೋರಾತ್ರಿ ಕಟ್ಟಿದ ಹಂಪ್‌ಗಳಿಗೆ ಅಳತೆ ಅಂತ ಏನೂ ಇಲ್ಲ.

ಇನ್ನು ಸೈಡ್ ಸ್ಟ್ಯಾಂಡ್. ಬೈಕ್ ಇಳಿಯಿತು, ಸ್ಟ್ಯಾಂಡ್ ಇಳಿಯಲಿಲ್ಲ. ಈಗ ಬೈಕು ಎಡಕ್ಕೆ ಒರಗುವ ಬದಲು ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲುತ್ತದೆ. ಯಾರೋ ಮೈ ತಾಗಿಸಿದರೂ ಬಲಕ್ಕೆ ಬೀಳುತ್ತದೆ. ಸ್ಟ್ಯಾಂಡ್ ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಮೊದಲು ಕಮ್ಮಿ ಕತ್ತರಿಸಿ, ನೋಡಿ, ಬೇಕಾದರೆ ಮತ್ತೆ ಕತ್ತರಿಸಿ. ಜಾಸ್ತಿ ಹೋದರೆ ಬೈಕ್ ಎಷ್ಟು ಮಲಗುತ್ತದೆ ಅಂದರೆ ನಮ್ಮಂಥವರು ಎತ್ತಿ ನೇರ ಮಾಡಲು ಇನ್ನೊಬ್ಬರನ್ನು ಕರೆಯಬೇಕು. ಡಬಲ್ ಸ್ಟ್ಯಾಂಡ್ ಇದ್ದರೆ ಅದನ್ನು ಹಾಕೋದೂ ಕಷ್ಟವಾಗುತ್ತದೆ, ಬೈಕನ್ನು ಮೊದಲಿಗಿಂತ ಜಾಸ್ತಿ ಮೇಲೆತ್ತಬೇಕು. ಚೈನ್ ಬಿಗಿಯನ್ನೂ ಮತ್ತೆ ನೋಡಬೇಕು.

ಹಾಗಂತ ಲಿಂಕ್ ಬೇಡವೇ ಬೇಡ ಅನ್ನುತ್ತಿಲ್ಲ. ಪ್ಲೈವುಡ್ ಪರೀಕ್ಷೆಯಲ್ಲಿ 50 ಮಿಮೀ ದಾಟಿದವರಿಗೆ ಸೀಟು ಒಂದರಲ್ಲೇ ಮುಗಿಯಲ್ಲ. ಅಂಥವರು ದುಡ್ಡಿದ್ದರೆ ಲಿಂಕಿಗಿಂತ ಶಾಕನ್ನೇ ಒಳಗಿನಿಂದ ಗಿಡ್ಡ ಮಾಡಿಸುವುದು ಒಳ್ಳೆಯದು. ಸಸ್ಪೆನ್ಷನ್ ಕೆಲಸ ಗೊತ್ತಿರುವವರು ಶಾಕ್ ಬಿಚ್ಚಿ ಒಳಗೆ ಸ್ಪೇಸರ್ ಅನ್ನುವ ತಡೆ ತುಂಡು ಕೂರಿಸುತ್ತಾರೆ. ಶಾಕ್ ಪೂರ್ತಿ ಚಾಚುವುದಿಲ್ಲ, ಆದರೆ ಒತ್ತಿದಾಗ ನಿಲ್ಲುವ ಜಾಗ ಮೊದಲಿನದೇ. ಓಟ ಕಮ್ಮಿಯಾಗುತ್ತದೆ, ಟೈರು ಮಾತ್ರ ತಾಗುವುದಿಲ್ಲ. ಮುಂದಿನ ಫೋರ್ಕಿಗೂ ಹೀಗೇ ಮಾಡಬಹುದು. ಕ್ಲಾಸಿಕ್‌ನಂಥ ಎರಡು ಶಾಕಿನ ಬೈಕಿಗೆ ಗಿಡ್ಡ ಶಾಕ್ ಜೋಡಿ ಹಾಕಿಸುವವರೂ ಇದೇ ಟೈರು-ಮಡ್‌ಗಾರ್ಡ್ ಅಂತರ ನೋಡಬೇಕು. ಸ್ಪ್ರಿಂಗ್ ಕತ್ತರಿಸಿ ಕೊಡ್ತೀನಿ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಟೀ ಕುಡಿದು ವಾಪಸ್ ಬನ್ನಿ. ಸಣ್ಣ ಟೈರು ಹಾಕಿಸೋ ಐಡಿಯಾನೂ ಅಷ್ಟೇ: ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಲಾಭ ಬೆರಳಗಲ.

ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿ ಇರುವ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. 2019ರ ತಿದ್ದುಪಡಿಯ ನಂತರ ನಿಯಮ ಮೀರಿದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು ಅಂತಲೂ ಇದೆ. ಸೀಟಿನ ಫೋಮ್ ಆರ್‌ಸಿಯಲ್ಲಿ ಇರುವ ವಿಷಯ ಅಲ್ಲ. ಸಸ್ಪೆನ್ಷನ್ ಮುಟ್ಟುವ ಮೊದಲು ಮಾತ್ರ ವಾರಂಟಿ, ಇನ್ಶೂರೆನ್ಸ್ ಏನಾಗುತ್ತದೆ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಬೇರೆ ಬೈಕ್ ತಗೋ ಅನ್ನುವವರಿಗೆ

ಈ ಸಲಹೆ ಕೇಳಿದರೆ ಸಿಟ್ಟು ಬರುತ್ತದೆ, ಆದರೆ ಪೂರ್ತಿ ತಪ್ಪಲ್ಲ. ನೀವು ಓಡಿಸುವುದರಲ್ಲಿ ಬಹುಪಾಲು ಸಿಟಿ ಟ್ರಾಫಿಕ್, ವರ್ಷಕ್ಕೊಂದು ಸಲ ಮಾತ್ರ ಘಾಟಿ ಅಂದರೆ 181 ಕೆಜಿಯ ಹಂಟರ್ ಸಾಕು. ನಿಮ್ಮ ಕೊರತೆ 60-70 ಮಿಮೀ ಇದ್ದರೂ ಬೈಕ್ ಬದಲಿಸುವುದೇ ವಾಸಿ. ಅಷ್ಟು ಇಳಿಸಿದ ಅಡ್ವೆಂಚರ್ ಬೈಕು ಅಡ್ವೆಂಚರ್‌ಗೆ ಉಳಿಯುವುದಿಲ್ಲ. ಆದರೆ ಅಂಕಿ ಮಾತ್ರ ನೋಡಿ ಬದಲಿಸಬೇಡಿ. ನಾನು ಕ್ಲಾಸಿಕ್ 350 ಮೇಲೆ ಕೂತು ನೋಡಿದೆ. 20 ಮಿಮೀ ತಗ್ಗು, ಆದರೆ ಅಗಲದ ಸೀಟಿನಿಂದ ಕಾಲು ಅಗಲಿಸಿ, ಕೆತ್ತಿಸಿದ ನನ್ನ ಹಿಮಾಲಯನ್ ಮೇಲೆ ಊರುವಷ್ಟೇ ಊರಿತು. ತೂಕ ನೋಡಿದರೆ ಕ್ಲಾಸಿಕ್ 195, ನನ್ನದು 196.

ಇಳಿಸದೆಯೂ ಉಳಿಯುವ ಕೆಲಸ

ಸೀಟು ಕೆತ್ತಿಸಿದ ಮೇಲೂ ನಾನು ಒಂದು ಸಲ ಬೀಳಿಸಿದ್ದೇನೆ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಹತ್ತುವ ರಸ್ತೆಯಲ್ಲಿ ಎದುರಿಗೆ ಜೀಪು ಬಂತು. ರಸ್ತೆಯ ಅಂಚಿಗೆ ಸರಿದು ನಿಂತೆ. ಎಡಗಾಲಿನ ಕಡೆ ನೆಲ ತಗ್ಗು, ಮೇಲಾಗಿ ಹ್ಯಾಂಡಲ್ ಸ್ವಲ್ಪ ತಿರುಗಿದ್ದಾಗಲೇ ಮುಂದಿನ ಬ್ರೇಕ್ ಒತ್ತಿದ್ದೆ. 24 ಅಲ್ಲ, 50 ಇಳಿಸಿದ್ದರೂ ಬೀಳುತ್ತಿದ್ದೆ.

ಈಗ ಮಾಡುವುದು ಹೀಗೆ. ನಿಲ್ಲುವ ಮೊದಲೇ ಎಡಗಡೆ ನೆಲ ನೋಡುತ್ತೇನೆ. ಹ್ಯಾಂಡಲ್ ನೇರ ಮಾಡಿ, ಕೊನೆಯ ಒಂದೆರಡು ಅಡಿ ಹಿಂದಿನ ಬ್ರೇಕಿನಲ್ಲೇ ನಿಲ್ಲುತ್ತೇನೆ. ಸೊಂಟವನ್ನು ಅರ್ಧ ಸೀಟು ಎಡಕ್ಕೆ ಜಾರಿಸಿ ಎಡಗಾಲು ಪೂರ್ತಿ ಊರುತ್ತೇನೆ, ಬಲಗಾಲು ಬ್ರೇಕಿನ ಮೇಲೇ ಇರುತ್ತದೆ. ನಿಲ್ಲಿಸುವಾಗ ಮೂತಿಯನ್ನು ಇಳಿಜಾರಿನ ಕೆಳಗೆ ಯಾವತ್ತೂ ಇಡುವುದಿಲ್ಲ. ಹಿಂದಕ್ಕೆ ಎಳೆಯಬೇಕಾದರೆ ಇಳಿದು, ಪಕ್ಕದಲ್ಲಿ ನಿಂತು, ಸೊಂಟಕ್ಕೆ ಸೀಟು ಒರಗಿಸಿಕೊಂಡು ಎಳೆಯುತ್ತೇನೆ. ಖಾಲಿ ಮೈದಾನದಲ್ಲಿ ಎರಡು ಭಾನುವಾರ ಬರೀ ನಿಲ್ಲುವುದು, ಹೊರಡುವುದು ಅಭ್ಯಾಸ ಮಾಡಿದೆ. ಅಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು "ಆಂಟಿ, ಗಾಡಿ ಕೆಟ್ಟೋಯ್ತಾ?" ಅಂತ ಕೇಳಿದರು.

ಇನ್ನೂ ಬೈಕ್ ತಗೊಂಡಿಲ್ಲ ಅಂದರೆ ಶೋರೂಮಿಗೆ ನಿಮ್ಮ ರೈಡಿಂಗ್ ಬೂಟು ಹಾಕಿಕೊಂಡೇ ಹೋಗಿ. ಅಲ್ಲಿನ ನುಣುಪು ಟೈಲ್ಸ್ ಮೇಲೆ ಕೂತು ನೋಡಿದ್ದು ಲೆಕ್ಕಕ್ಕಿಲ್ಲ. ಹೊರಗೆ ರಸ್ತೆಗೆ ತರಿಸಿ, ಸ್ವಲ್ಪ ಇಳಿಜಾರಿನ ಜಾಗದಲ್ಲಿ ನಿಲ್ಲಿಸಿ, ಸೈಡ್ ಸ್ಟ್ಯಾಂಡಿನಿಂದ ಎತ್ತಿ ನೇರ ಮಾಡಿ ನೋಡಿ. ಚೀಲದಲ್ಲಿ ಎರಡು ಪ್ಲೈವುಡ್ ತುಂಡು ಇರಲಿ. ಸೇಲ್ಸ್‌ನವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.